ಇಳಕಲ್ಲಿನ ಬಸ್ಸು ಮತ್ತು ಎತ್ತಿದ ಕಾಲು

ಸಿನಿಮಾ ಮುಗಿಯುವ ತುಸು ಮುಂಚೆ ಎದ್ದು ನಿಂತು ಚಪ್ಪಲಿ ಹುಡುಕುವ ಚಟ ನನಗಿದೆ. ಕುರ್ಚಿಯ ಕೆಳಗೆ ಕಾಲಾಡಿಸಿ, ನಿರಿಗೆ ಸರಿಮಾಡಿಕೊಂಡು, ಚೀಲ ಹೆಗಲಿಗೇರಿಸಿ, ಹಿಂದಿನ ಸಾಲಿನವರಿಂದ ಚೆನ್ನಾಗಿ ಬೈಸಿಕೊಂಡ ಮೇಲೆಯೇ ನನಗೆ ಸಿನಿಮಾ ನೋಡಿದ ಸಮಾಧಾನ. ಮನೆಯಲ್ಲಿ ಟೀವಿಯ ಮುಂದೆ ಕೂತರೂ ಇದೇ ಹಾಡು. ನಾಯಕ ಖಳನಾಯಕನ ಕೊರಳಪಟ್ಟಿಗೆ ಕೈಹಾಕಿದನೋ, ನಾನು ಎದ್ದೆನೆಂದೇ ಲೆಕ್ಕ. "ಎಲ್ಲಿಗೆ ಹೊಂಟಿ ಅಜ್ಜಿ? ಇನ್ನೂ ಮುಗಿದಿಲ್ಲ" ಎಂದು ಮೊಮ್ಮಗಳು ಸೆರಗು ಹಿಡಿದೆಳೆದು ಕೂಡಿಸುತ್ತಾಳೆ. ಎಲ್ಲಿಗೆಂದು ಹೇಳಲಿ? ಬಸ್ಸು ಹಿಡಿಯಲಿಕ್ಕೆ ಎಂದರೆ ಈ ಹುಡುಗಿ ನನ್ನನ್ನು ನೆಟ್ಟಗೆ ದವಾಖಾನೆಗೆ ಕರೆದುಕೊಂಡು ಹೋದಾಳು.

ಆದರೆ ಇದು ನನ್ನೊಬ್ಬಳ ರೋಗವಲ್ಲ, ಊರಿನ ರೋಗ. ನಾನು ಸಣ್ಣವಳಿದ್ದಾಗ, ನಮ್ಮ ಕಡೆ ಇನ್ನೂ ಮುಂಬಯಿ ಸರಕಾರದ ಆಳ್ವಿಕೆ ನಡೆದಿದ್ದಾಗ, ಇಳಕಲ್ಲಿನವರು ಯಾರೂ ಸಿನಿಮಾದ ಕೊನೆ ನೋಡಿದವರಲ್ಲ. ನಗಬೇಡಿ, ಖರೇನೇ ಹೇಳುತ್ತೇನೆ. ದೊಡ್ಡ ಸಿನಿಮಾಗಳು ಬರುತ್ತಿದ್ದದ್ದು ಬಾಗಲಕೋಟೆಯ ಥಿಯೇಟರಿಗೆ. ಅಲ್ಲಿನ ಮ್ಯಾಟಿನಿ ಆಟ ಮುಗಿಯುವುದಕ್ಕೂ ನಮ್ಮೂರಿನ ಕೊನೆಯ ಬಸ್ಸು ಹೊರಡುವುದಕ್ಕೂ ಜನ್ಮಾಂತರದ ವೈರ. ಬಸ್ಸು ಮೊದಲು, ಸಿನಿಮಾದ ಕೊನೆ ಆಮೇಲೆ. ಬಸ್ಸು ತಪ್ಪಿದರೆ ಬಾಗಲಕೋಟೆಯಲ್ಲೇ ಬೀಳಬೇಕು, ಮನೆಯಲ್ಲಿ ಹಿರಿಯರ ಬಾಯಿಗೂ ಬೀಳಬೇಕು. ಅದಕ್ಕೇ ಎಲ್ಲರೂ ಬಸ್ಸಿಗೆ ಬೀಳುತ್ತಿದ್ದರು.

ಬಸ್ಸಿನ ಡ್ರೈವರು ಹುಸೇನಸಾಬ ಮಾತ್ರ ಬಹಳ ಒಳ್ಳೆಯ ಮನುಷ್ಯ. ನಮ್ಮನ್ನು ಬಿಟ್ಟು ಹೋದವನಲ್ಲ. ಅವನೂ ಸಿನಿಮಾದ ಹುಚ್ಚನೇ. ಬಸ್ಸು ನಿಲ್ಲಿಸಿ ಬಂದು ಥಿಯೇಟರಿನ ಬಾಗಿಲ ಬಳಿ ಕೈಕಟ್ಟಿ ನಿಂತು ನೋಡುತ್ತಿದ್ದ. ಹೊತ್ತಾಯಿತೆಂದರೆ ಒಮ್ಮೆ ನಿಟ್ಟುಸಿರು ಬಿಟ್ಟು, ಬಾಗಿಲು ದಡಾರನೆ ತೆರೆದು ಕೂಗುತ್ತಿದ್ದ: "ಇಳಕಲ್ಲ! ಹುನಗುಂದ! ಏಳ್ರಿ, ಏಳ್ರಿ!" ಬಿಸಿಲು ಒಳಗೆ ನುಗ್ಗಿ ಪರದೆಯ ಮೇಲಿನ ರಾಜಕುಮಾರಿ ಬೆಳ್ಳಗಾಗಿ ಹೋಗುತ್ತಿದ್ದಳು. ಅರ್ಧ ಥಿಯೇಟರು ಎದ್ದು ನಿಲ್ಲುತ್ತಿತ್ತು. ಉಳಿದರ್ಧ, ಅಂದರೆ ಬಾಗಲಕೋಟೆಯವರು, "ಕೂಡ್ರಲೇ!" ಎಂದು ಒದರುತ್ತಿದ್ದರು. ಅವರಿಗೇನು, ಮನೆ ಅಲ್ಲೇ ಇತ್ತು.

ಹೀಗಾಗಿ ನಮ್ಮೂರಲ್ಲಿ ಓಣಿಗೊಂದು ಕೊನೆ. ಇಳಕಲ್ಲ ಸೀರೆಯ ವಿಷಯ ನಿಮಗೆ ಗೊತ್ತಲ್ಲ, ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸುವುದೇ ನಮ್ಮ ನೇಕಾರರ ಕೈಚಳಕ. ಸಿನಿಮಾಕ್ಕೂ ಅವರು ಅದನ್ನೇ ಮಾಡಿದರು. ಬಾಗಲಕೋಟೆಯಿಂದ ಒಡಲು ತಂದು ತಮಗೆ ಬೇಕಾದ ಸೆರಗು ಹಚ್ಚಿದರು. ನೇಕಾರರ ಓಣಿಯಲ್ಲಿ ನಾಯಕಿ ಮದುವೆಯಾದರೆ ಪೇಟೆಯಲ್ಲಿ ಸನ್ಯಾಸಿನಿಯಾಗುತ್ತಿದ್ದಳು. ಯಾರೂ ಜಗಳಾಡುತ್ತಿರಲಿಲ್ಲ, ನೋಡಿದವರಿದ್ದರೆ ತಾನೇ ಜಗಳ.

ಇಂಥ ಸುಖದ ಊರಿಗೆ ಒಂದು ಇಂಗ್ಲಿಷ್ ಸಿನಿಮಾದಿಂದ ವಿಘ್ನ ಬಂತು. ಊರಿಗೇನು, ನಮ್ಮ ಮನೆಗೆ ಬಂತು.

ನನ್ನ ಅಪ್ಪನ ತಮ್ಮ ವೆಂಕು ಕಾಕಾ. ಆಗ ಮ್ಯಾಟ್ರಿಕ್ ಪಾಸಾಗಿ, ಮುಂದೇನು ಮಾಡಬೇಕೆಂದು ವಿಚಾರ ಮಾಡುತ್ತ ಜಗಲಿಯ ಮೇಲೆ ಕೂತಿದ್ದ. ಆ ವಿಚಾರ ಆತ ಬಹಳ ವರ್ಷ ಮಾಡಿದ. ಅವನಿಗೊಬ್ಬಳು ತಂಗಿ, ಗಂಗಾ ಅತ್ಯಾ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಗುವವಳು. ನಗೆ ಬಂದರೆ ಬಾಯಿಗೆ ಸೆರಗು ತುರುಕಿಕೊಂಡರೂ ಮೂಗಿನಿಂದಾದರೂ ಹೊರಗೆ ಬರುತ್ತಿತ್ತು. ಒಂದು ರವಿವಾರ ಕಾಕಾ ಅತ್ಯಾನನ್ನೂ ನನ್ನನ್ನೂ ಬಾಗಲಕೋಟೆಗೆ ಕರೆದುಕೊಂಡು ಹೋದ. ಸಿನಿಮಾದ ಹೆಸರು ಇಂಗ್ಲಿಷಿನಲ್ಲಿತ್ತು, ಕಾಕಾನಿಗೂ ಓದಲಿಕ್ಕೆ ಬಂತೇ ಹೊರತು ಅರ್ಥವಾಗಲಿಲ್ಲ. "ಹೆಸರು ತಗೊಂಡು ಏನ್ ಮಾಡ್ತಿ? ಭಾಳ ಜಬರದಸ್ತ ಅದ ಅಂತ" ಎಂದ.

ಜಬರದಸ್ತ ಇತ್ತು, ಸುಳ್ಳಲ್ಲ. ಯಾವುದೋ ಬೆಟ್ಟಗಳಾಚೆ ಯಾರೂ ಕಾಣದ ಒಂದು ಸ್ವರ್ಗವಿದೆಯಂತೆ. ಹಸಿವಿಲ್ಲ, ಜಡ್ಡಿಲ್ಲ, ವರ್ಷವಿಡೀ ಹಣ್ಣು. ಅದನ್ನು ಹುಡುಕಿಕೊಂಡು ಒಬ್ಬ ಗಡ್ಡದವನು, ಪ್ಯಾಂಟು ತೊಟ್ಟ ಒಬ್ಬ ಹೆಣ್ಣುಮಗಳು, ಬೋಗುಣಿ ಪಾತೇಲಿ ಬೆನ್ನಿಗೆ ಕಟ್ಟಿಕೊಂಡ ಒಬ್ಬ ದಪ್ಪ ಅಡಿಗೆಯವನು ಹೊರಡುತ್ತಾರೆ. ಇವರ ಬೆನ್ನು ಹತ್ತಿ ಕೆನ್ನೆಗೆ ಗಾಯವಿದ್ದ ಒಬ್ಬ ದುಷ್ಟ, ಕೈಯಲ್ಲಿ ಮದ್ದಿನ ಪೀಪಾಯಿ. ಹಗ್ಗದ ಸೇತುವೆ ಕಡಿಯುತ್ತದೆ. ಮೊಸಳೆ ಬಾಯಿ ತೆರೆಯುತ್ತದೆ. ಹಿಮ ಉರುಳಿ ಬರುತ್ತದೆ. ಪ್ಯಾಂಟಿನವಳು ಸೇತುವೆಗೆ ಜೋತು ಬಿದ್ದಾಗ ಅತ್ಯಾ ನನ್ನ ತೊಡೆಯನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ನಾನೂ ಕಿರುಚಿದೆ, ಪರದೆಯ ಮೇಲಿನವಳೂ ಕಿರುಚಿದಳು. ಕೊನೆಗೆ ಕಲ್ಲುಬಂಡೆಗಳ ನಡುವೆ ಒಂದು ಗವಿ. ಗವಿಯ ಆ ತುದಿಯಲ್ಲಿ ಹಸಿರು ಬೆಳಕು. ಅಗೋ ಸ್ವರ್ಗ! ಗಡ್ಡದವನು ಟೊಪ್ಪಿಗೆ ತೆಗೆದ, ಕಣ್ಣೀರು ಒರೆಸಿಕೊಂಡ, ಒಳಗಿಡಲೆಂದು ಬಲಗಾಲು ಎತ್ತಿದ...

"ಇಳಕಲ್ಲ! ಹುನಗುಂದ! ಏಳ್ರಿ, ಏಳ್ರಿ!"

ಹುಸೇನಸಾಬನೂ ಅವತ್ತು ಪರದೆಯ ಕಡೆಯೇ ನೋಡುತ್ತ ಕೂಗಿದ್ದ. ನಾವು ಹಿಂದೆ ಹಿಂದೆ ನೋಡುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ಹೊರಗೆ ಬಂದೆವು. ಬಸ್ಸು ಅಮೀನಗಡ ದಾಟಿದರೂ ಎಲ್ಲರ ಕತ್ತು ಹಿಂದಕ್ಕೇ ತಿರುಗಿತ್ತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಜ್ಜಿ ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದಳು. ಅಜ್ಜಿ ಸಿನಿಮಾಕ್ಕೆ ಬರುವವಳಲ್ಲ. ಆದರೆ ಸಿನಿಮಾ ಅವಳ ಹತ್ತಿರ ಬರಬೇಕು, ಇದು ಮನೆಯ ಕಾಯಿದೆ. ನೋಡಿ ಬಂದವರು ಮೊದಲಿನಿಂದ ಕಡೆಯವರೆಗೆ ಹೇಳಬೇಕು. "ಹೇಳ ಸುಶಿ, ಏನ ನೋಡಿ ಬಂದಿ?" ಎಂದಳು. ಪಡಸಾಲೆಯ ನೆಲ ಆಗತಾನೇ ಸಾರಿಸಿ ಹಸಿ ಇತ್ತು. ಕಂಬದ ಪಕ್ಕದಲ್ಲಿ ಒಂದು ಮಣೆ ಇತ್ತು. ನಾನು ಅದರ ಮೇಲೆ ಕೂತು ಕೈಕಾಲು ಬೀಸಿ ಶುರುಮಾಡಿದೆ. ನಾನು ಮಾತಿನಮಲ್ಲಿ, ಅದನ್ನು ಈಗ ನಿಮಗೆ ಬೇರೆ ಹೇಳಬೇಕಾಗಿಲ್ಲ. ಅಕ್ಕಪಕ್ಕದ ಹೆಣ್ಣುಮಕ್ಕಳು ಬಂದು ಕೂತರು. ಮೊಸಳೆ ಬಂದಾಗ "ನರಸಿಂಹ, ನರಸಿಂಹ!" ಎಂದರು. ಗಡ್ಡದವನು ಕಾಲೆತ್ತಿದ ಎಂದು ಹೇಳಿ ನಾನು ಸುಮ್ಮನಾದೆ.

"ಎತ್ತಿದ. ಮುಂದ?" ಎಂದಳು ಅಜ್ಜಿ.

"ಮುಂದ ಬಸ್ಸು ಬಂತು."

"ಆ ಗವಿಯಾಗ ಬಸ್ಸು ಎಲ್ಲಿಂದ ಬಂತ?"

"ಆ ಗವಿಗಲ್ಲ ಅಜ್ಜಿ. ನಮ್ಮ ಬಸ್ಸು. ನಾವು ಎದ್ದು ಬಂದ್ವಿ."

ಅಜ್ಜಿಯ ಕೈಯಲ್ಲಿದ್ದ ಬತ್ತಿ ಕೆಳಗೆ ಬಿತ್ತು. ಮಣೆಯನ್ನೊಮ್ಮೆ ನೋಡಿದಳು, ದೀಪವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಆಗ ನನಗೂ ಹೊಳೆಯಿತು. ನಾನು ಕೂತದ್ದು ಪುರಾಣದ ಮಣೆಯ ಮೇಲೆ! ನಮ್ಮ ಅಜ್ಜ ಬದುಕಿದ್ದಾಗ ಅದರ ಮೇಲೆ ಕೂತು ಪುರಾಣ ಹೇಳುತ್ತಿದ್ದರು. ಅವರು ಹೋದ ಮೇಲೆ ಯಾರೂ ಕೂತಿರಲಿಲ್ಲ.

"ಮಣಿ ಮ್ಯಾಲೆ ಕೂತು ಹೇಳಿದಿ. ದೀಪ ಹಚ್ಚಿತ್ತು. ನಾ ಬತ್ತಿ ಹಿಡಕೊಂಡು ಭಕ್ತಿಲೆ ಕೇಳೇನಿ. ಇದು ಪುರಾಣ ಆಗಿಹೋತು" ಎಂದಳು ಅಜ್ಜಿ. "ಅರ್ಧಾ ಪುರಾಣ ಕೇಳಿ ಎದ್ದವರು ಮುಂದಿನ ಜನ್ಮಕ್ಕ ಬಾವಲಿ ಆಗತಾರ. ಅಲ್ಲೂ ಇಲ್ಲ, ಇಲ್ಲೂ ಇಲ್ಲ, ಜೋತಾಡೋದ. ಫಲಶ್ರುತಿ ಹೇಳಿ ಮಂಗಳ ಆಗೋತನಕ ಈ ಮನ್ಯಾಗ ಒಂದು ಶುಭಕಾರ್ಯ ಇಲ್ಲ!"

ಪಕ್ಕದ ಮನೆಯ ಹೆಣ್ಣುಮಕ್ಕಳು ಬಾವಲಿಗಳಾಗುವ ಹೆದರಿಕೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದರು. ಒಳಗೆ ಭಕ್ಕರಿ ಸೀದ ವಾಸನೆ ಬಂತು. ಒಲೆಯ ಮುಂದೆ ಇದ್ದವಳು ಗಂಗಾ ಅತ್ಯಾ.

ಆಕೆಯ ಭಕ್ಕರಿ ಸೀಯಲಿಕ್ಕೆ ಕಾರಣವಿತ್ತು. ಬಾದಾಮಿಯಲ್ಲಿ ಶ್ರೀಪಾದ ಮಾಸ್ತರ ಎಂಬ ವರ ಗೊತ್ತಾಗಿತ್ತು. ಬರುವ ವಾರವೇ ಸಾಖರಪುಡಾ, ಅಂದರೆ ಸಕ್ಕರೆಯ ಪೊಟ್ಟಣ ಕೈಗಿಟ್ಟು ಮದುವೆ ನಿಶ್ಚಯ ಮಾಡುವುದು. ಈ ಮಾಸ್ತರನನ್ನು ಅತ್ಯಾ ಒಂದು ಮದುವೆಯ ಊಟದಲ್ಲಿ ಕಂಡಿದ್ದಳು. ಆತ ತುಪ್ಪ ಬಡಿಸುತ್ತ ಬಂದವನು ಅತ್ಯಾನ ಎಲೆಯ ಮುಂದೆ ನಿಂತು, ಅವಳು ಯಾವುದಕ್ಕೋ ನಕ್ಕ ನಗೆಗೆ ಮೈಮರೆತು, ಅನ್ನ ಬಿಟ್ಟು ನೀರಿನ ಲೋಟಕ್ಕೆ ತುಪ್ಪ ಬಡಿಸಿದ್ದ. ಅವತ್ತಿನಿಂದ ಅತ್ಯಾ ತುಪ್ಪದ ಗಿಂಡಿ ಕಂಡರೆ ಸಾಕು, ಕೆಂಪಾಗುತ್ತಿದ್ದಳು. ಆದರೆ ವರನ ಕಡೆಯವರು ಮೊದಲೇ ಹೇಳಿ ಕಳಿಸಿದ್ದರು: ಆಷಾಢ ಬರುವುದರೊಳಗೆ ನಿಶ್ಚಯ ಆಗಬೇಕು, ಇಲ್ಲದಿದ್ದರೆ ಗುಳೇದಗುಡ್ಡದಲ್ಲಿ ಇನ್ನೊಂದು ಹುಡುಗಿ ಇದೆ. ಈಗ ಗಡ್ಡದವನು ಕಾಲು ಕೆಳಗಿಡುವವರೆಗೆ ಸಾಖರಪುಡಾ ಇಲ್ಲ.

ಹಿತ್ತಲಲ್ಲಿ ಅತ್ಯಾ ನನ್ನ ಜಡೆ ಹಿಡಿದು ನಿಲ್ಲಿಸಿದಳು. "ಸುಶಿ, ನೆಲದ ಮ್ಯಾಲೆ ಕೂತಿದ್ರ ನಿನ್ನ ಗಂಟೇನು ಹೋಗತಿತ್ತು?"

"ನೆಲ ಹಸೀ ಇತ್ತು ಅತ್ಯಾ."

"ಹಸೀ ನೆಲದ ಸಲುವಾಗಿ ನನ್ನ ಮದುವಿ ಕೆಡಿಸಿದೆಲ್ಲ!" ಎಂದವಳು ಅಳುವಳೆಂದುಕೊಂಡೆ. ಅವಳಿಗೆ ನಗು ಬಂತು. ನಕ್ಕಳು, ಆಮೇಲೆ ಅದೇ ಉಸಿರಿನಲ್ಲಿ ಅತ್ತಳು. ನಾನೂ ಎರಡನ್ನೂ ಮಾಡಿದೆ.

ಕಾಕಾ ಸುಮ್ಮನಿರುವ ಪೈಕಿ ಅಲ್ಲ. ಮರುದಿನ ಅಜ್ಜಿಯ ಮುಂದೆ ಕೂತು, ಗಡ್ಡದವನು ಕಾಲಿಟ್ಟ ಕೂಡಲೇ ಹೂಮಳೆಯಾಯಿತೆಂದು ಸೊಗಸಾಗಿ ವರ್ಣಿಸಿದ. ಅಜ್ಜಿ ಎಲ್ಲ ಕೇಳಿ, "ನೀ ಕಂಡಿಯೇನು?" ಎಂದಳು. "ಕಂಡಂಗನ ಲೆಕ್ಕ" ಎಂದ ಕಾಕಾ. "ತುಳಸಿ ಮುಟ್ಟಿ ಹೇಳು." ಕಾಕಾ ಕತ್ತು ಕೆರೆದುಕೊಂಡು ಎದ್ದು ಹೋದ. ಬಾಗಲಕೋಟೆಯವರನ್ನು ಯಾರನ್ನಾದರೂ ಕರೆತಂದು ಹೇಳಿಸೋಣವೆಂದರೆ ಅದೂ ನಡೆಯದು. ಯಾವ ಬಾಯಿ ಪುರಾಣ ಶುರುಮಾಡಿತೋ ಅದೇ ಬಾಯಿ ಮುಗಿಸಬೇಕಂತೆ. ಊರಿನ ಭಾರವೆಲ್ಲ ನನ್ನ ಹಾಳು ಬಾಯಿಯ ಮೇಲೆ ಬಂತು.

ಅಜ್ಜಿಗಾದರೂ ಸುಖವಿತ್ತೇ? ಊಟಕ್ಕೆ ಕೂತಾಗ ಒಮ್ಮೆಲೇ ಕೈತಡೆದು, "ಪಾಪ, ಆ ಗಡ್ಡದವನ ಕಾಲು ಎಷ್ಟು ಜೋಂ ಹಿಡದಿರಬೇಕ" ಎನ್ನುತ್ತಿದ್ದಳು. ರಾತ್ರಿ ತನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವಾಗಲೂ ಅವನದೇ ನೆನಪು. "ಒಂದ ಕಾಲ ಮ್ಯಾಲೆ ನಿಂದರೋದಂದ್ರ ಏನ್ ಹುಡುಗಾಟಿಕೀನ?" ಎಂದು ನಮಗೇ ಕೇಳುತ್ತಿದ್ದಳು. ಆ ಮನೆಯಲ್ಲಿ ಯಾರೂ ಒಂಟಿಕಾಲಲ್ಲಿ ನಿಂತು ಧೋತರ ಉಡುವಂತಿರಲಿಲ್ಲ.

ಮುಂದಿನ ರವಿವಾರ ಕಾಕಾ ಓಡಿಹೋಗಿ ನೋಡಿದರೆ ಬಾಗಲಕೋಟೆಯಲ್ಲಿ ಸಿನಿಮಾ ಬದಲಾಗಿತ್ತು. ಸಪ್ಪೆ ಮೋರೆ ಹಾಕಿಕೊಂಡು ಬಸ್ಸಿಗೆ ಬಂದವನಿಗೆ ಹುಸೇನಸಾಬ ಸುದ್ದಿ ಹೇಳಿದ. "ಆ ಪಿಚ್ಚರ ಬಾದಾಮಿ ಟೆಂಟಿಗೆ ಹೋಗೇತ್ರಿ, ಎಂಟ ದಿನಾ ಇರತೈತಂತ. ನೀವು ಹೋಗೂದಾದ್ರ ನನ್ನ ಸಲುವಾಗೂ ನೋಡ್ಕೊಂಡ ಬರ್ರಿ. ನಾ ಬಾಗಲಾ ತಗದಾಗಿಂದ ನನಗೂ ನಿದ್ದಿ ಹತ್ತವಲ್ದು."

ಬಾದಾಮಿ! ವರನ ಊರು! ಅಜ್ಜಿ ಬಹಳ ಹೊತ್ತು ಜಪಮಣಿ ತಿರುಗಿಸಿ ತೀರ್ಪು ಕೊಟ್ಟಳು. ಅರ್ಧ ನೋಡಿದ ಮೂವರೂ ಹೋಗಬೇಕು, ದೋಷ ಮೂವರಿಗೂ ಅಂಟಿದೆ. ಆದರೆ ನಿಶ್ಚಯಕ್ಕಿಂತ ಮೊದಲು ಗಂಗಾ ವರನ ಕಣ್ಣಿಗೆ ಬೀಳಬಾರದು. ನಮ್ಮ ನೆಂಟರೊಬ್ಬರ ಮನೆ ಅಲ್ಲಿ ಕೆರೆಯ ದಂಡೆಯಲ್ಲಿತ್ತು, ಅಲ್ಲಿ ಇಳಿಯಬೇಕು. "ಬೀಳೂದಿಲ್ಲವ್ವಾ" ಎಂದಳು ಅತ್ಯಾ, ಎಷ್ಟು ವಿನಯದಿಂದೆಂದರೆ ಅಜ್ಜಿಗೆ ಅನುಮಾನ ಬರಬೇಕಿತ್ತು.

ಬಸ್ಸು, ರೈಲು, ಟಾಂಗಾ. ಹೀಗೆ ಮೂರು ಥರದ ಧೂಳು ಮೆತ್ತಿಸಿಕೊಂಡು ಬಾದಾಮಿ ಮುಟ್ಟಿದೆವು. ಮೂರೂ ಕಡೆ ನಾನು ಕಿಟಕಿಯ ಪಕ್ಕ. ಟಾಂಗಾಕ್ಕೆ ಕಿಟಕಿಯಿಲ್ಲ ನಿಜ, ಆದರೆ ಹಟಕ್ಕೆ ಕಿಟಕಿ ಯಾಕೆ ಬೇಕು? ಕೆಂಪು ಬಂಡೆಗಳು ಎರಡೂ ಕಡೆ ಎದ್ದುಬಂದವು. ಮಧ್ಯದಲ್ಲಿ ಹಸಿರು ನೀರಿನ ಕೆರೆ. "ಅತ್ಯಾ, ಥೇಟ ಸಿನಿಮಾದಂಗ ಅದ! ಗಡ್ಡದವ ಇಲ್ಲೇ ಎಲ್ಲೋ ನಿಂತಿರಬೇಕು!" ಎಂದು ಒದರಿದೆ. ಅತ್ಯಾ ಬಂಡೆ ನೋಡುತ್ತಿರಲಿಲ್ಲ, ಯಾವುದು ಮಾಸ್ತರರ ಸಾಲಿ, ಯಾವುದು ಅವರ ಓಣಿ ಎಂದು ನೋಡುತ್ತಿದ್ದಳು. ಟಾಂಗಾದಿಂದ ಇಳಿಯುವುದರೊಳಗೆ ಒಂದು ಮಂಗ ಬಂದು ಅಮೀನಗಡದ ಕರದಂಟಿನ ಪುಡಿಕೆ ಕಸಿದುಕೊಂಡು ಗೋಡೆಯೇರಿತು. ಕಾಕಾ ಅದಕ್ಕೆ ಇಂಗ್ಲಿಷಿನಲ್ಲಿ ಬೈದ. ಅದು ಕನ್ನಡದಲ್ಲಿ ತಿಂದಿತು.

ಕಾಕಾ ಒಂದು ತಾಸು ಎಲ್ಲಿಗೋ ಹೋಗಿ ಬಂದ. ಬಂದವನ ಮುಖ ಅರಳಿತ್ತು. "ಗಂಗೂ, ಒಂದು ಮಜಾ ಹೇಳಲೇನು? ಟೆಂಟಿನ್ಯಾಗ ಇಂಗ್ಲಿಷ ಪಿಚ್ಚರಕ್ಕ ಕನ್ನಡದಾಗ ಅರ್ಥಾ ಹೇಳಾವ ಒಬ್ಬ ಇರತಾನ. ಪರದೆ ಬಾಜೂಕ ನಿಂತು ಭೋಂಗಾದಾಗ ಹೇಳತಾನ. ಅಂವಾ ಯಾರು ಹೇಳು?"

"ಯಾರು?"

"ನಿನ್ನ ಮಾಸ್ತರ! ಊರಾಗ ಇಂಗ್ಲಿಷ ಬರಾವ ಅವನೊಬ್ಬನ ಅಂತ. ನಾವು ಯಾಕ ಬಂದೇವಿ, ಅವ್ವ ಏನಂದಾಳ, ಎಲ್ಲಾ ಹೇಳಿ ಬಂದೇನಿ."

"ಅಯ್ಯ! ಬಾವಲಿದೂ ಹೇಳಿದೇನು?"

"ಬಾವಲಿದ ಮೊದಲ ಹೇಳಿದೆ."

ಅತ್ಯಾ ಗೋಡೆಗೆ ಮುಖ ಮಾಡಿ ನಿಂತಳು. ಭುಜ ಅಲುಗುತ್ತಿದ್ದವು. ಅದು ನಗೆಯ ಅಲುಗಾಟವೋ ಅಳುವಿನದೋ ನನಗೆ ಹಿಂದಿನಿಂದ ತಿಳಿಯಲಿಲ್ಲ.

ಹೊತ್ತು ಮುಳುಗುತ್ತಲೇ ಆಟ ಶುರು. ಟೆಂಟಿನ ನಡುವೆ ಒಂದು ಅರಿವೆಯ ಪರದೆ, ಈ ಕಡೆ ಹೆಣ್ಣುಮಕ್ಕಳು, ಆ ಕಡೆ ಗಂಡಸರು. ಕತ್ತಲಲ್ಲಿ ಕೂತ ಅತ್ಯಾ ವರನ ಕಣ್ಣಿಗೆ ಬೀಳುವ ಭಯವಿರಲಿಲ್ಲ. ಮಾಸ್ತರ ಮಾತ್ರ ನಮಗೆ ಕಾಣುತ್ತಿದ್ದ. ಸಣಕಲು ಆಳು, ಧೋತರ, ಕೋಟು, ಕೈಯಲ್ಲಿ ತುತ್ತೂರಿಯಂಥ ತಗಡಿನ ಭೋಂಗಾ. ಮೊಸಳೆ ಬಂತು. "ನೋಡ್ರಿ, ಇದು ನಮ್ಮ ಕೆರಿಯಾಗಿನದಲ್ಲ, ಹೆದರಬ್ಯಾಡ್ರಿ" ಎಂದ. ಅತ್ಯಾಗೆ ನಗು ತಡೆಯಲಾಗಲಿಲ್ಲ. ಸೆರಗು ತುರುಕಿಕೊಂಡಳು, ಮೂಗಿನಿಂದ ಹೊರಟೇಬಿಟ್ಟಿತು. ಭೋಂಗಾ ಥಟ್ಟನೆ ನಿಂತಿತು. ಮಾಸ್ತರ ಹೆಣ್ಣುಮಕ್ಕಳ ಕಡೆ ತಿರುಗಿ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ನಿಂತ. ಸೇತುವೆ ಕಡಿಯಿತು, ಹಿಮ ಉರುಳಿತು, ಅಡಿಗೆಯವನ ಪಾತೇಲಿ ಹಾರಿ ಹೋಯಿತು, ಅರ್ಥ ಹೇಳುವವನೇ ಇಲ್ಲ. "ಮಾಸ್ತರ್ರ, ನಿದ್ದಿ ಹತ್ತಿತೇನ್ರಿ?" ಎಂದು ಯಾರೋ ಕೂಗಿದ ಮೇಲೆ ಆತ ಎಚ್ಚತ್ತ.

ಕೊನೆಗೂ ಗವಿ ಬಂತು. ಗಡ್ಡದವನು ಟೊಪ್ಪಿಗೆ ತೆಗೆದ. ಕಣ್ಣೊರೆಸಿಕೊಂಡ. ಬಲಗಾಲು ಎತ್ತಿದ. ನಾನೂ ಅತ್ಯಾನೂ ರೂಢಿಯ ಪ್ರಕಾರ ಎದ್ದು ನಿಂತೆವು! ಹಿಂದಿನವರು ನನ್ನ ಲಂಗ, ಅವಳ ಸೆರಗು ಹಿಡಿದು ಕೂಡಿಸಿದರು. ಅಂತೂ ಇಳಕಲ್ಲಿನವರ ಕಣ್ಣೆದುರು ಮೊದಲ ಬಾರಿಗೆ ಒಂದು ಸಿನಿಮಾದ ಕೊನೆ ತೆರೆದುಕೊಂಡಿತು.

ಮತ್ತು ಏನಾಯಿತು? ಢಂ ಎಂದಿತು. ಆ ದುಷ್ಟ ಮದ್ದಿನ ಪೀಪಾಯಿಗೆ ಬೆಂಕಿ ಹಚ್ಚಿದ್ದ. ಬಂಡೆಗಳು ದಡದಡ ಉರುಳಿ ಗವಿಯ ಬಾಯಿ ಮುಚ್ಚಿಹೋಯಿತು. ಹಸಿರು ಬೆಳಕು ಆರಿತು. ಗಡ್ಡದವನು, ಪ್ಯಾಂಟಿನವಳು, ಅಡಿಗೆಯವನು ಮೂವರೂ ಹೊರಗೇ ಉಳಿದು ಬಂಡೆಗೆ ಹಣೆ ಹಚ್ಚಿ ಎದೆ ಎದೆ ಬಡಿದುಕೊಂಡು ಅಳತೊಡಗಿದರು.

ಇದನ್ನು ಅಜ್ಜಿಗೆ ಹೇಗೆ ಹೇಳಲಿ? ಸ್ವರ್ಗದ ಬಾಗಿಲು ಮುಖಕ್ಕೆ ಬಡಿದಂತೆ ಮುಚ್ಚಿತು ಎಂಬುದೂ ಒಂದು ಫಲಶ್ರುತಿಯೇ? ಅತ್ಯಾನ ಕೈ ನನ್ನ ಕೈಯಲ್ಲಿತ್ತು, ತಣ್ಣಗಾಗಿತ್ತು. ಅವಳು ನಗಲಿಲ್ಲ.

ಆಗ ಭೋಂಗಾ ಮಾತಾಡಿತು.

"ನೋಡ್ರಿ, ನೋಡ್ರಿ! ಎಲ್ಲಾರೂ ಒಳಗ ಹೋದ್ರು! ಬಾಗಲಾ ಮುಚ್ಚಿತು! ಇನ್ನ ಆ ದುಷ್ಟ ಒಳಗ ಬರೂ ಹಂಗಿಲ್ಲ!"

ಗಂಡಸರ ಕಡೆಯಿಂದ ಒಬ್ಬ ಎದ್ದ. "ಮಾಸ್ತರ್ರ, ನಿನ್ನಿ ಬ್ಯಾರೇನ ಹೇಳಿದ್ರಿ? ಹೊರಗ ಉಳದ್ರು ಅಂದ್ರಿ?"

"ನಿನ್ನಿ ನನಗೂ ತಿಳದಿದ್ದಿಲ್ಲ! ಇವತ್ತ ತಿಳೀತು!"

"ಅವರು ಹೊರಗ ನಿಂತಾರಲ್ರಿ, ಕಾಣವಲ್ತೇನು?"

"ಅದು ಹೊರಗಲ್ಲೋ ಮಾರಾಯಾ. ಫೋಟೋ ತಗಿಯಾವನೂ ಅವರ ಕೂಡ ಒಳಗ ಹೋಗ್ಯಾನ. ನೀ ಈಗ ಒಳಗಿಂದ ನೋಡಲಿಕ್ಕೆ ಹತ್ತಿ!"

"ಒಳಗೂ ಬರೇ ಕಲ್ಲ ಐತೇನ್ರಿ?"

ಮಾಸ್ತರ ಭೋಂಗಾ ಎತ್ತಿ ಹಿಡಿದ. ಗಂಡಸರ ಕಡೆ ಅಲ್ಲ, ನಮ್ಮ ಕಡೆ ತಿರುಗಿದ. "ಕಲ್ಲ ಇದ್ದಲ್ಲಿ ಸ್ವರ್ಗ ಇರಬಾರದೇನು? ನಮ್ಮ ಬಾದಾಮಿ ಹೆಂಗದ ಮತ್ತ? ಬಂದವರಿಗೆ ಮೊದಲ ಕಲ್ಲ ಕಾಣತಾವ. ಇದ್ದು ನೋಡಿದ್ರ ತಿಳೀತದ!"

ಟೆಂಟಿಗೆ ಟೆಂಟೇ ಸೀಟಿ ಹೊಡೆಯಿತು. ಬಾದಾಮಿಯವರಿಗೆ ಇನ್ನೇನು ಬೇಕು! ಆದರೂ ಆ ತಕರಾರಿನವನು ಬಿಡಲಿಲ್ಲ. "ಮತ್ತ ಎದಿ ಎದಿ ಯಾಕ ಬಡಕೊಳ್ಳಾಕತ್ತಾರ?"

"ಅವರ ದೇಶದಾಗ ಭಾಳ ಖುಷಿ ಆದ್ರ ಹಂಗ ಬಡಕೋತಾರ!"

ಎಲ್ಲರೂ ಎದ್ದು ನಿಂತು ಎದೆ ಬಡಿದುಕೊಂಡು ನಕ್ಕರು. ಹೆಣ್ಣುಮಕ್ಕಳ ಕಡೆ ಅತ್ಯಾ ಸೆರಗು ಗಿರಗು ಎಲ್ಲ ಬಿಟ್ಟು ಬಾಯಿತೆರೆದು ನಕ್ಕಳು. ಆ ನಗೆಗೆ ಮಾಸ್ತರನ ಕೈಯಿಂದ ಭೋಂಗಾ ಬಿದ್ದು ಖಣ್ಣೆಂದಿತು. ಅದನ್ನು ಎತ್ತಿಕೊಳ್ಳಲಿಕ್ಕೂ ಆತನಿಗೆ ನೆನಪಾಗಲಿಲ್ಲ.

ಮರಳುವ ರೈಲಿನಲ್ಲಿ ನಾನು ಚಿಂತೆಯಲ್ಲಿ ಬಿದ್ದೆ. "ಅತ್ಯಾ, ಅಜ್ಜಿ ಮುಂದ ಕಣ್ಣಿಲೆ ಕಂಡದ್ದು ಹೇಳಲೋ, ಮಾಸ್ತರು ಹೇಳಿದ್ದು ಹೇಳಲೋ?"

"ಪುರಾಣ ಯಾವತ್ತರೆ ಕಣ್ಣಿಲೆ ನೋಡತಾರೇನ ಹುಚ್ಚಿ? ಕಿವಿಲೆ ಕೇಳತಾರ. ಕೇಳಿದ್ದು ಹೇಳು" ಎಂದಳು ಅತ್ಯಾ. ಶಾಸ್ತ್ರದಲ್ಲಿ ಅವಳು ಅಜ್ಜಿಯ ಮಗಳೇ.

ಬಾಗಲಕೋಟೆಯಲ್ಲಿ ಹುಸೇನಸಾಬ ಬಸ್ಸಿನ ಮುಂದೆಯೇ ನಿಂತಿದ್ದ. ಸುದ್ದಿ ಕೇಳದೆ ಬಸ್ಸು ಚಾಲೂ ಮಾಡುವ ಲಕ್ಷಣ ಕಾಣಲಿಲ್ಲ. "ಮುಟ್ಟಿದ್ರೇನ್ರಿ?" ಎಂದ. "ಮುಟ್ಟಿದ್ರು!" ಎಂದ ಕಾಕಾ. ಬಸ್ಸಿನಲ್ಲಿದ್ದ ಇಳಕಲ್ಲಿನವರೆಲ್ಲ "ಮುಟ್ಟಿದ್ರಂತ, ಮುಟ್ಟಿದ್ರಂತ" ಎಂದು ಹಿಂದಿನ ಸೀಟಿನವರೆಗೆ ದಾಟಿಸಿದರು. ಹುಸೇನಸಾಬ ಹುನಗುಂದ ಬರುವವರೆಗೆ ಸುಮ್ಮಸುಮ್ಮನೆ ಹಾರ್ನು ಹೊಡೆದ. ದಾರಿಯಲ್ಲಿ ಒಂದು ಎತ್ತೂ ಅಡ್ಡ ಬಂದಿರಲಿಲ್ಲ.

ಮನೆಯಲ್ಲಿ ದೀಪ, ಮಣೆ, ಹೂಬತ್ತಿ ಎಲ್ಲ ತಯಾರಿತ್ತು. ಬಾವಲಿಯಾಗಲು ಒಲ್ಲದ ಹೆಣ್ಣುಮಕ್ಕಳೆಲ್ಲ ಮೊದಲೇ ಬಂದು ಕೂತಿದ್ದರು. ಅತ್ಯಾ ನಡುಮನೆಯ ಬಾಗಿಲ ಹಿಂದೆ. ನಾನು ಹೇಳಿದೆ: ಗಡ್ಡದವನು ಕಾಲು ಕೆಳಗಿಟ್ಟ. ಅಜ್ಜಿ "ಅಬ್ಬಾ!" ಎಂದು ತನ್ನ ಮೊಣಕಾಲು ನೀವಿಕೊಂಡಳು. ಎಲ್ಲರೂ ಒಳಗೆ ಹೋದರು, ಬಾಗಿಲು ಹಾಕಿಕೊಂಡರು, ಖುಷಿಯಿಂದ ಎದೆ ಬಡಿದುಕೊಂಡರು. ಮುಗಿಯಿತು.

ಅಜ್ಜಿ ಆರತಿಯ ತಟ್ಟೆಗೆ ಕೈಹಾಕಿದವಳು ತಡೆದಳು. "ಸುಶಿ, ಬಾಗಲಾ ಹಾಕ್ಕೊಂಡ್ರು ಅಂದೀ. ಚಿಲಕಾ ಒಳಗಿಂದ ಹಾಕಿದ್ದೋ ಹೊರಗಿಂದ ಹಾಕಿದ್ದೋ?"

ಎಲಾ ಅಜ್ಜಿ! ಸಿನಿಮಾಕ್ಕೇ ಹೋಗದವಳು ಹೇಗೆ ಹಿಡಿದಳು ನೋಡಿ! ಬಾಗಿಲ ಹಿಂದೆ ಬಳೆಗಳ ಸದ್ದು ನಿಂತಿತು. ಬಂಡೆಗಳು ಕಣ್ಣ ಮುಂದೆ ಬಂದವು, ಭೋಂಗಾ ಕಿವಿಯಲ್ಲಿ ಕೂಗಿತು.

"ಒಳಗಿಂದ ಅಜ್ಜಿ" ಎಂದೆ.

"ಹಂಗಾದ್ರ ಛಲೋ ಆತು" ಎಂದಳು ಅಜ್ಜಿ. ಆರತಿ ಎತ್ತಿದಳು. ಎಲ್ಲರ ಕೈಗೆ ಕೊಬ್ಬರಿ ಸಕ್ಕರೆ ಬಂತು. ಆ ವಾರವೇ ಬಾದಾಮಿಯಿಂದಲೂ ಸಕ್ಕರೆಯ ಪೊಟ್ಟಣ ಬಂತು. ಮದುವೆಯ ಊಟದಲ್ಲಿ ತುಪ್ಪ ಬಡಿಸಲು ಮಾತ್ರ ಮಾಸ್ತರನಿಗೆ ಯಾರೂ ಗಿಂಡಿ ಕೊಡಲಿಲ್ಲ.

ಇಷ್ಟು ಹೇಳಿದ ಮೇಲೆ ಈಚಿನದೊಂದು ಸಂಗತಿ ಹೇಳದಿದ್ದರೆ ನನಗೂ ಬಾವಲಿಯ ಜನ್ಮವೇ ಗತಿ. ಕೆಲವು ವರ್ಷಗಳ ಹಿಂದೆ ಬಾದಾಮಿಗೆ ಹೋಗಿದ್ದೆ. ಅತ್ಯಾನ ಮಗ ಎಲ್ಲಿಂದಲೋ ಆ ಸಿನಿಮಾ ಹುಡುಕಿ ತಂದು ಮಧ್ಯಾಹ್ನದ ಊಟವಾದ ಮೇಲೆ ಟೀವಿಗೆ ಹಚ್ಚಿದ. ಅದೇ ಮೊಸಳೆ, ಅದೇ ಸೇತುವೆ. ಈಗ ನೋಡಿದರೆ ಮೊಸಳೆ ರಬ್ಬರಿನದು, ಹಿಮ ಹತ್ತಿಯದು. ನಮಗೇನು, ಕೈಕೈ ಹಿಡಿದುಕೊಂಡು ಕಿರುಚಿದೆವು. ಮಾಸ್ತರು, ಅಂದರೆ ನಮ್ಮ ಮಾಮಾ, ಹಲ್ಲಿಲ್ಲದ ಬಾಯಲ್ಲಿ ಮೊದಲಿನಿಂದ ಅರ್ಥ ಹೇಳುತ್ತಲೇ ಇದ್ದರು. ಗವಿ ಬಂತು. ಟೊಪ್ಪಿಗೆ ತೆಗೆದಾಯಿತು. ಬಲಗಾಲು ಎದ್ದಿತು. ನಾನು ಆಗಲೇ ನಿಂತು ಚಪ್ಪಲಿ ಹುಡುಕುತ್ತಿದ್ದೆ.

"ಇಳಕಲ್ಲ! ಹುನಗುಂದ! ಏಳ್ರಿ, ಏಳ್ರಿ!" ಎಂದು ಮಾಮಾ ಕೂಗಿ ಪಟ್ಟನೆ ಟೀವಿ ಬಂದ್ ಮಾಡಿಬಿಟ್ಟರು.

"ಅಯ್ಯ, ಇಷ್ಟು ವರ್ಷಾತು, ಇನ್ನೊಂದು ಸಲರೆ ಕೊನಿ ನೋಡಲಿಕ್ಕೆ ಬಿಡಬಾರದೇನ್ರಿ?" ಎಂದಳು ಅತ್ಯಾ.

"ಯಾಕ? ಅವತ್ತ ನಾ ಹೇಳಿದ್ದು ಸುಳ್ಳಂತೀಯೇನು?" ಎಂದರು ಮಾಮಾ. ನಗುತ್ತಲೇ ಕೇಳಿದರು, ಆದರೆ ಉತ್ತರಕ್ಕೆ ಕಾದು ನಿಂತರು. ಕಿಟಕಿಯ ಹೊರಗೆ ಕೆಂಪು ಬಂಡೆಗಳು ಬಿಸಿಲು ಕಾಯುತ್ತಿದ್ದವು.

ಅತ್ಯಾ ಮಾಮಾನ ಕೈಯಿಂದ ರಿಮೋಟು ಇಸಿದುಕೊಂಡು ತಲೆದಿಂಬಿನ ಕೆಳಗೆ ಇಟ್ಟಳು.

"ಸುಳ್ಳ್ಯಾಕ ಆಗತದ? ಮುಟ್ಟಿದ್ರು. ಮುಟ್ಟಿ, ಒಳಗಿಂದ ಚಿಲಕಾನೂ ಹಾಕ್ಕೊಂಡಾರ."